‘ಮಾನವನಿರ್ಮಿತ’ವೋ ‘ಮಾನವಜನ್ಯ’ವೋ? ಫಲಕಕ್ಕೆ ತುರ್ತಾಗಿ ಬೇಕು

ಪುಣೆಯಿಂದ:

ಮಾನ್ಯರೆ, ನಮ್ಮ ಕನ್ನಡ ಸಂಘದ ಮಕ್ಕಳ ವಿಜ್ಞಾನ ಪ್ರದರ್ಶನಕ್ಕಾಗಿ ಮರಾಠಿ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ಹವಾಮಾನ ಬದಲ: ನೈಸರ್ಗಿಕ ವ ಮಾನವನಿರ್ಮಿತ ಕಾರಣೇ’ ಎಂದಿದೆ. ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬಹುದೆ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ಡೊಂಬಿವಲಿಯಿಂದ:

‘ಮಾನವನಿರ್ಮಿತ’ ಖಂಡಿತ ಬೇಡ. ನಿರ್ಮಿಸುವುದೆಂದರೆ ಬೇಕೆಂದೇ ಯೋಜಿಸಿ ಕಟ್ಟುವುದು. ಖಡಕವಾಸಲಾ ಅಣೆಕಟ್ಟು ಮಾನವನಿರ್ಮಿತ. ಕಲ್ಲಿದ್ದಲು, ಪೆಟ್ರೋಲು ಸುಟ್ಟವರು ಭೂಮಿ ಬಿಸಿಯಾಗಲೆಂದು ಸುಡಲಿಲ್ಲ. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿರುವುದು ಅವರ ಕೆಲಸದಿಂದ ಹುಟ್ಟಿದ ಫಲ. ಹುಟ್ಟಿದ್ದನ್ನು ಹೇಳುವ ಪದ ‘ಜನ್ಯ’. ಪತ್ರಿಕೆಗಳಲ್ಲಿ ‘ಪ್ರಾಣಿಜನ್ಯ ರೋಗ’ ಎಂದು ಓದಿದವರಿಗೆ ‘ಮಾನವಜನ್ಯ’ ಹೊಸದೆನಿಸದು. ‘ಮನುಷ್ಯರ ಕೈವಾಡ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿ ಒಳಸಂಚಿನ ಅರ್ಥವಿದೆ, ಸಲ್ಲದು.

‘ನೈಸರ್ಗಿಕ’ ಇರಲಿ. ಆದರೆ ಎರಡು ಕಾರಣಗಳನ್ನೂ ಒಂದೇ ತೂಕದವೆಂಬಂತೆ ಅಕ್ಕಪಕ್ಕದಲ್ಲಿ ನಿಲ್ಲಿಸಬೇಡಿ. ಖಂಡಾಲಾ ಘಾಟಿನಲ್ಲಿ ರೈಲಿನ ಕಿಟಕಿಯಿಂದ ಕಾಣುವ ಕಪ್ಪು ಬಂಡೆಯ ಪದರಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅಂಥ ಸ್ಫೋಟಗಳು ಇಡೀ ಭೂಮಿಯ ವಾಯುಗುಣವನ್ನು ಕದಲಿಸಬಲ್ಲವು. ಇಂದಿನ ಜ್ವಾಲಾಮುಖಿಗಳಾದರೋ ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ನಾವು ಹೊರಬಿಡುವುದರ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ, ಮತ್ತು 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಸಿಡಿದಾಗ ಅದರ ಗಂಧಕದ ಕಣಗಳು ಬಿಸಿಲಿಗೆ ಅಡ್ಡಬಂದು ಭೂಮಿ ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು.

ಶೀರ್ಷಿಕೆಯ ಮೊದಲ ಪದವೂ ತಪ್ಪು. ಮರಾಠಿಯ ‘ಹವಾಮಾನ’ ನಾಳಿನ ಮಳೆಗೂ ದಶಕಗಳ ಸರಾಸರಿಗೂ ಸಲ್ಲುತ್ತದೆ. ಕನ್ನಡದ ಶಾಲಾ ಪಠ್ಯಗಳು ಎರಡನೆಯದಕ್ಕೆ ‘ವಾಯುಗುಣ’ ಎಂದು ಬೇರೆ ಪದವನ್ನೇ ಇಟ್ಟಿವೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದದ್ದು ಒಂದು ದಿನದ ಹವಾಮಾನ. ಅಲ್ಲಿನ 30 ವರ್ಷಗಳ ಮಳೆಯ ಲೆಕ್ಕ ವಾಯುಗುಣ. ನಮ್ಮ ಪತ್ರಿಕೆಗಳು ಈ ಭೇದವನ್ನು ಅಳಿಸುತ್ತಿರುವುದು ನನಗೆ ನೋವಿನ ಸಂಗತಿ.

ಮಡಗಾಂವದಿಂದ:

‘ಜನ್ಯ’ ಸಂಸ್ಕೃತ, ‘ಹವಾ’ ಅರಬ್ಬಿ. ಕನ್ನಡದ ಫಲಕದಲ್ಲಿ ಕನ್ನಡವೆಲ್ಲಿದೆ? ‘ಮನುಷ್ಯರಿಂದಾದ’ ಎಂದರೆ ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿಯುತ್ತಿರುವ ಮಗುವಿಗೂ ತಿಳಿಯುತ್ತದೆ.

ಡೊಂಬಿವಲಿಯಿಂದ:

‘ಮನುಷ್ಯ’ವೂ ಸಂಸ್ಕೃತ, ‘ಬದಲಾವಣೆ’ಯ ‘ಬದಲು’ ಅರಬ್ಬಿ ಮೂಲದ್ದು. ಮೂಲ ನೋಡಿ ಪದ ಆರಿಸುವುದನ್ನು ನಾನು ಒಪ್ಪುವುದಿಲ್ಲ. ಆದರೆ ಮಗುವಿನ ಮಾತು ನಿಜ. ಶೀರ್ಷಿಕೆಯಲ್ಲಿ ‘ವಾಯುಗುಣ ಬದಲಾವಣೆ: ನೈಸರ್ಗಿಕ ಮತ್ತು ಮಾನವಜನ್ಯ ಕಾರಣಗಳು’ ಎಂದಿಟ್ಟು, ಕೆಳಗಿನ ವಿವರಣೆಯಲ್ಲಿ ‘ಮನುಷ್ಯರಿಂದಾದ’ ಎಂದು ಬಿಡಿಸಿ ಬರೆಯಿರಿ.