ಇಂಗ್ಲಿಷ್ ಪ್ರಾಸಪದ ಹುಡುಕುವುದು ಹೇಗೆ? ಅರ್ಥವೂ ಗೊತ್ತಾಗಬೇಕು

ನೀರ್ಚಾಲಿನ ಟೈಲರ್ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಐದನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಪಾಠದಲ್ಲಿ ಪದ್ಯ ಬಂದಾಗೆಲ್ಲ ರೈಮಿಂಗ್ ವರ್ಡ್ಸ್ ಬರೆಯಲಿಕ್ಕೆ ಇರುತ್ತದೆ. ಅದೇ ಧಾಟಿಯಲ್ಲಿ ಪದ್ಯಕ್ಕೆ ಎರಡು ಸಾಲು ಸೇರಿಸಲಿಕ್ಕೂ ಇರುತ್ತದೆ. ನಾನೂ ಓದಿದ್ದು ಕನ್ನಡ ಮೀಡಿಯಂನಲ್ಲೇ, ಹತ್ತನೆಯವರೆಗೆ. ಇಂಗ್ಲಿಷ್ ಓದಲು ಬರುತ್ತದೆ. ಆದರೆ ಯಾವುದಕ್ಕೆ ಯಾವುದು ಪ್ರಾಸ ಅಂತ ಧೈರ್ಯವಾಗಿ ಹೇಳಲು ಆಗುವುದಿಲ್ಲ.

ಮಗಳು ಸ್ಪೆಲ್ಲಿಂಗ್ ನೋಡಿ ಜೋಡಿ ಮಾಡುತ್ತಾಳೆ. ಗುಡ್, ಫುಡ್, ಬ್ಲಡ್ ಮೂರರಲ್ಲೂ ಕೊನೆಗೆ ಡಬಲ್ ಓ, ಡಿ. ಹಾಗಾಗಿ ಮೂರನ್ನೂ ಒಂದೇ ಸಾಲಿಗೆ ಹಾಕಿದಳು. ಟೀಚರ್ ಕೆಂಪು ಗೀಟು ಎಳೆದಿದ್ದಾರೆ. ಹಾಗಾದರೆ ಎಂತ ಬರೆಯಬೇಕಿತ್ತು ಅಂತ ಅವಳು ಕೇಳುತ್ತಾಳೆ.

ಅಜ್ಜನಿಗೆ ಯಕ್ಷಗಾನದ ಪದ ಅಂದರೆ ಪ್ರಾಣ. ಪ್ರಾಸ ಅಂದರೆ ಸಾಲಿನ ಎರಡನೇ ಅಕ್ಷರ ಕೂಡಬೇಕು ಅಂತ ಅವರು ಹೇಳುತ್ತಾರೆ. ಇಂಗ್ಲಿಷಿನಲ್ಲೂ ಹಾಗೇನಾ?

ಮೊಬೈಲಲ್ಲಿ ಹುಡುಕಿದರೆ ಒಂದು ಶಬ್ದಕ್ಕೆ ರಾಶಿ ಬಂದು ಬೀಳುತ್ತದೆ. ಅವಳು ಅದರಿಂದ ನಾಲ್ಕು ಹೆಕ್ಕಿ ಬರೆಯುತ್ತಾಳೆ. ಅರ್ಥ ಒಂದರದ್ದೂ ಗೊತ್ತಿಲ್ಲ. ಅರ್ಥ ಗೊತ್ತಿಲ್ಲದೆ ಸುಮ್ನೆ ಬರೆದು ಏನು ಪ್ರಯೋಜನ? ನಾನು ಮೆಷಿನ್ ಮುಂದೆ ಕೂತಿರುವಾಗಲೇ ಬಾಯಲ್ಲಿ ಹೇಳಿಕೊಡುವಂಥ ಕ್ರಮ ಇದ್ದರೆ ತಿಳಿಸಿ.

ಮಂಜೇಶ್ವರದ ಹುಡುಗ:

ಅಕ್ಕ, ಅಜ್ಜ ಹೇಳಿದ್ದು ಸರಿ. ಅದು ಆದಿಪ್ರಾಸ. "ಮಳೆಯು ಸುರಿಯಿತು, ಹೊಳೆಯು ಹರಿಯಿತು" ಅಂದರೆ ಎರಡನೇ ಅಕ್ಷರ ಎರಡು ಕಡೆಯೂ 'ಳ' ಅಲ್ವಾ? ಹಳೆಯ ಕನ್ನಡ ಕಾವ್ಯದಲ್ಲಿ, ಯಕ್ಷಗಾನದ ಪದಗಳಲ್ಲಿ ಅದು ಬೇಕೇ ಬೇಕು. ಆ ಕಟ್ಟು ಬಿಟ್ಟು ಪದ್ಯ ಬರೆಯುತ್ತೇನೆ ಅಂತ 1911ರಲ್ಲಿ ಹೊರಟವರು ನಮ್ಮ ಊರಿನ ರಾಷ್ಟ್ರಕವಿ ಗೋವಿಂದ ಪೈಗಳು. ಅಜ್ಜನಿಗೆ ಇದು ಖಂಡಿತ ಗೊತ್ತಿರುತ್ತದೆ. ಇಂಗ್ಲಿಷಿನವರು ನೋಡುವುದು ಸಾಲಿನ ಕೊನೆ. ಅಂದರೆ ಅಂತ್ಯಪ್ರಾಸ. ನಾನು ಹೇಳಿದ ಸಾಲಲ್ಲೂ 'ಸುರಿಯಿತು, ಹರಿಯಿತು' ಅಂತ ಕೊನೆ ಕೂಡಿದೆ ನೋಡಿ.

ಮೊಬೈಲಿನಲ್ಲಿ ಹುಡುಕುವುದಾದರೆ ರೈಮ್‌ಝೋನ್ ಅನ್ನುವ ಪ್ರಾಸಪದದ ಸೈಟು ಒಳ್ಳೆಯದು. ಒಂದು ಉಸಿರಿನ ಪದ (ಅಂದರೆ ಒಂದೇ ಸ್ವರದ ಸದ್ದು ಇರುವ ಸಿಲೆಬಲ್), ಎರಡು ಉಸಿರಿನ ಪದ ಅಂತ ಬೇರೆ ಬೇರೆ ಗುಂಪು ಮಾಡಿ ಕೊಡುತ್ತದೆ. ಐದನೇ ಕ್ಲಾಸಿಗೆ ಮೊದಲ ಗುಂಪು ಸಾಕು. ಆದರೆ ಅದರ ಉಚ್ಚಾರಣೆ ಅಮೆರಿಕದ್ದು. 'ಆಂಟ್' ಅಂತ ನಾವು ಚಿಕ್ಕಮ್ಮನಿಗೆ ಹೇಳುವ ಶಬ್ದವನ್ನು ಅಲ್ಲಿನ ತುಂಬಾ ಜನ ಇರುವೆಯ 'ಆ್ಯಂಟ್' ಹಾಗೆಯೇ ಹೇಳುತ್ತಾರೆ. ಅದಕ್ಕೆ ತಕ್ಕ ಪ್ರಾಸ ಬರುತ್ತದೆ. ಸಂಶಯ ಬಂದರೆ ಕೇಂಬ್ರಿಡ್ಜ್ ನಿಘಂಟಿನ ಸೈಟಿಗೆ ಹೋಗಿ ಸ್ಪೀಕರ್ ಗುರುತು ಒತ್ತಿ. ಬ್ರಿಟಿಷ್, ಅಮೆರಿಕನ್ ಎರಡೂ ಕೇಳಿಸುತ್ತದೆ.

ಕುಂಬಳೆಯ ನಿವೃತ್ತ ಟೀಚರ್:

ತಂಗೀ, ನಾನು ಕನ್ನಡ ಮೀಡಿಯಂ ಮಕ್ಕಳಿಗೇ ಇಂಗ್ಲಿಷ್ ಕಲಿಸಿದವಳು. ನಿನ್ನ ಮಗಳು ಮಾಡಿದ್ದನ್ನೇ ದೊಡ್ಡವರೂ ಮಾಡಿದ್ದಾರೆ. 1775ರಲ್ಲಿ ಜಾನ್ ವಾಕರ್ ಅನ್ನುವವರು ಇಂಗ್ಲಿಷ್ ಪ್ರಾಸಕ್ಕೆ ಅಂತಲೇ ಒಂದು ನಿಘಂಟು ತಂದರು. ಅದರಲ್ಲಿ ಪದಗಳನ್ನು ಜೋಡಿಸಿದ್ದು ಸ್ಪೆಲ್ಲಿಂಗಿನ ಕೊನೆಯ ಅಕ್ಷರದಿಂದ ಹಿಂದಕ್ಕೆ. ಹಾಗೆ ಜೋಡಿಸಿದರೆ ಕಾಫ್, ರಫ್, ದೋ, ಥ್ರೂ ಎಲ್ಲ ಅಕ್ಕಪಕ್ಕ ಬಂದು ಕೂರುತ್ತವೆ. ಯಾಕೆಂದರೆ ಎಲ್ಲದರ ಕೊನೆಗೂ ಓ-ಯು-ಜಿ-ಎಚ್ ಉಂಟು. ಬಾಯಲ್ಲಿ ಹೇಳಿ ನೋಡು, ಒಂದಕ್ಕೊಂದು ಸಂಬಂಧ ಇಲ್ಲ. ರಫ್‌ಗೆ ಜೊತೆ ಸ್ಟಫ್, ಪಫ್. ದೋಗೆ ಗೋ, ನೋ. ಥ್ರೂಗೆ ಬ್ಲೂ, ಶೂ, ಟೂ.

ಆದ್ದರಿಂದ ಮೊದಲು ಪುಸ್ತಕ ಮುಚ್ಚಿಸು. ಪದವನ್ನು ಗಟ್ಟಿಯಾಗಿ ಹೇಳಿಸು. ಹೇಳುವಾಗ ಒತ್ತು ಎಲ್ಲಿ ಬೀಳುತ್ತದೆ ಕೇಳು. ಆ ಸ್ವರದಿಂದ ಕೊನೆಯವರೆಗೆ ಎರಡೂ ಪದದಲ್ಲಿ ಒಂದೇ ಸದ್ದು ಇರಬೇಕು. ಅದರ ಹಿಂದಿನ ವ್ಯಂಜನ ಬೇರೆ ಇರಬೇಕು. ನಿಯಮ ಇಷ್ಟೇ. ಸಿಸ್ಟರ್, ಡಾಕ್ಟರ್ ಎರಡೂ 'ಟರ್' ಅಂತ ಮುಗಿದರೂ ಪ್ರಾಸ ಅಲ್ಲ, ಒತ್ತು ಇರುವುದು 'ಸಿ' ಮೇಲೆ, 'ಡಾ' ಮೇಲೆ. ಲೆಟರ್, ಬೆಟರ್ ಪ್ರಾಸ.

ಇನ್ನು ಕನ್ನಡ ಲಿಪಿಯನ್ನು ಕೈಬಿಡಬೇಡ. ನಮ್ಮಲ್ಲಿ ಹ್ರಸ್ವ, ದೀರ್ಘ ಬೇರೆ ಬೇರೆ ಬರೆಯುತ್ತೇವೆ. ಇಂಗ್ಲಿಷ್ ಸ್ಪೆಲ್ಲಿಂಗ್ ಬಚ್ಚಿಡುವುದನ್ನು ಕನ್ನಡ ಅಕ್ಷರ ತೋರಿಸಿಕೊಡುತ್ತದೆ. ಗೀಟು ಬಿದ್ದ ಮೂರು ಪದ ತೆಗೆದುಕೋ. ಗುಡ್ ಹ್ರಸ್ವ 'ಉ'. ಅದರ ಬಳಗ ವುಡ್, ಸ್ಟುಡ್, ಕುಡ್, ಶುಡ್. ಕೊನೆಯ ಎರಡರ ಸ್ಪೆಲ್ಲಿಂಗ್ ಓ-ಯು-ಎಲ್-ಡಿ, ಆದರೂ ಅದೇ ಬಳಗ. ಫುಡ್ ಅಂತ ನಾವು ಗಿಡ್ಡ ಮಾಡಿ ಹೇಳುತ್ತೇವೆ, ಸರಿಯಾದ್ದು ಫೂಡ್, ದೀರ್ಘ. ಅದಕ್ಕೆ ಮೂಡ್, ರೂಡ್. ಬ್ಲಡ್‌ನಲ್ಲಿ ಇರುವುದು 'ಅ'. ಅದಕ್ಕೆ ಮಡ್, ಬಡ್, ಫ್ಲಡ್. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದದ ಪಕ್ಕ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆಯಲಿ.

ಹೊಸ ಪದ ಹುಡುಕಲಿಕ್ಕೆ ಮೊಬೈಲ್ ಬೇಡ, ವರ್ಣಮಾಲೆ ಸಾಕು. 'ಐಟ್' ಅನ್ನುವ ಬಾಲ ಹಿಡಿದುಕೊಂಡು ಕ ದಿಂದ ಹ ವರೆಗೆ ಹೇಳುತ್ತಾ ಹೋಗಲಿ. ಕೈಟ್ ಉಂಟು, ಗೈಟ್ ಇಲ್ಲ, ಟೈಟ್ ಉಂಟು, ಡೈಟ್ ಇಲ್ಲ, ನೈಟ್, ಫೈಟ್, ಬೈಟ್, ರೈಟ್, ಲೈಟ್, ವೈಟ್. ಆಮೇಲೆ ಒತ್ತಕ್ಷರ ಹಾಕಿ ಬ್ರೈಟ್, ಫ್ಲೈಟ್, ಸ್ಲೈಟ್, ಕ್ವೈಟ್. (ಡೈಯೆಟ್ ಬೇರೆ, ಅದು ಎರಡು ಉಸಿರು.) ಉಂಟೋ ಇಲ್ಲವೋ ಅಂತ ಗೊತ್ತಾಗದಿದ್ದರೆ ಮಾತ್ರ ನಿಘಂಟು ನೋಡಲಿ. ನೀನು ಬಟ್ಟೆ ಕತ್ತರಿಸುತ್ತಾ ಇರುವಾಗಲೂ ಈ ಆಟ ಆಡಬಹುದು. ಒಂದು ವಿಷಯ ನೆನಪಿಡು. ರಾತ್ರಿಯ ನೈಟ್, ಕುದುರೆ ಏರುವ ವೀರನ ನೈಟ್ ಎರಡೂ ಒಂದೇ ಸದ್ದು. ಅವು ಒಂದಕ್ಕೊಂದು ಪ್ರಾಸ ಅಂತ ಬರೆದರೆ ಮಾರ್ಕು ಸಿಗುವುದಿಲ್ಲ, ಹಿಂದಿನ ವ್ಯಂಜನವೂ ಒಂದೇ ಆಯಿತಲ್ಲ.

ಅರ್ಥದ ಬಗ್ಗೆ ನಾಳೆ ಬರೆಯುತ್ತೇನೆ. ಅದೇ ನನಗೆ ಮುಖ್ಯ.

ನೀರ್ಚಾಲಿನ ಟೈಲರ್ ಅಕ್ಕ:

ಟೀಚರ್, ತುಂಬಾ ಉಪಕಾರ ಆಯಿತು. ನಿನ್ನೆ ಸಂಜೆಯೇ 'ಐಟ್' ಆಟ ಆಯಿತು. ಅಜ್ಜನೂ ಸೇರಿಕೊಂಡರು. ಎರಡು ಸಂಶಯ ಬಂತು. ಬ್ಯಾಗಿಗೆ ಜೊತೆ ಹುಡುಕುವಾಗ ಅವಳು 'ಪ್ಲೇಗ್' ಅಂದಳು. ಮನೆಯಲ್ಲಿ ನಾವೆಲ್ಲ ಹೇಳುವುದು 'ಬೇಗು'. ಅಂಗಡಿಯವರೂ ಹಾಗೇ. ಮತ್ತೆ ರೈಸ್, ವೈಸ್ ಎರಡೂ ಕನ್ನಡದಲ್ಲಿ 'ಐಸ್' ಅಂತಲೇ ಬರೆಯುತ್ತೇವೆ. ಅದು ಪ್ರಾಸ ಆಗುತ್ತದಾ?

ಕುಂಬಳೆಯ ನಿವೃತ್ತ ಟೀಚರ್:

ಅವಳ ಕಿವಿ ಸರಿ ಉಂಟು! ಬೇಗ್ ಅಂತ ಹೇಳಿದರೆ ಪ್ಲೇಗ್ ಜೊತೆಗೇ ಹೋಗುತ್ತದೆ. ನಮ್ಮ ಕಡೆ ಬೇಗು, ಬೇಂಕು ಅಂತ ಎಲ್ಲರೂ ಹೇಳುತ್ತೇವೆ, ಮನೆಯಲ್ಲಿ ಹಾಗೇ ಇರಲಿ. ಇಂಗ್ಲಿಷ್ ಪ್ರಾಸಕ್ಕೆ ಕೂತಾಗ ಮಾತ್ರ ಬಾಯಿ ಅಗಲ ಮಾಡಿ ಬ್ಯಾಗ್, ಟ್ಯಾಗ್, ಫ್ಲ್ಯಾಗ್.

ರೈಸ್ ಪ್ರಶ್ನೆ ಚೆನ್ನಾಗಿದೆ, ಕನ್ನಡ ಲಿಪಿ ಸೋಲುವುದು ಇಲ್ಲೇ. ಅಕ್ಕಿಯ ರೈಸ್ ಮುಗಿಯುವುದು 'ಸ್' ಸದ್ದಿನಲ್ಲಿ. ಅದರ ಜೊತೆ ನೈಸ್, ಮೈಸ್, ಪ್ರೈಸ್. ಈ ಪ್ರೈಸ್ ಅಂದರೆ ಬೆಲೆ. ಜಾಣ ಅನ್ನುವ ವೈಸ್ ಮುಗಿಯುವುದು 'ಜ಼್' ಸದ್ದಿನಲ್ಲಿ. ಅದರ ಜೊತೆ ಕಣ್ಣುಗಳು ಅನ್ನುವ ಐಜ಼್, ಅಳತೆಯ ಸೈಜ಼್, ಮತ್ತೆ ಪ್ರೈಜ಼್. ಈ ಪ್ರೈಜ಼್ ಅಂದರೆ ಬಹುಮಾನ. ಗಂಟಲಿನ ಮೇಲೆ ಎರಡು ಬೆರಳು ಇಟ್ಟು ಹೇಳಿಸು. 'ಸ್' ಅನ್ನುವಾಗ ಸುಮ್ಮನಿರುತ್ತದೆ, 'ಜ಼್' ಅನ್ನುವಾಗ ನಡುಗುತ್ತದೆ. ನಮ್ಮಲ್ಲಿ ಬೆಲೆ, ಬಹುಮಾನ ಎರಡಕ್ಕೂ ಪ್ರೈಸ್ ಅನ್ನುವವರು ಜಾಸ್ತಿ. ಪ್ರಾಸದ ಗುಂಪು ಗೊತ್ತಿದ್ದರೆ ಅರ್ಥ ಅದಲುಬದಲು ಆಗುವುದಿಲ್ಲ.

ನಾನು ನಾಳೆ ಹೇಳುತ್ತೇನೆ ಅಂದದ್ದು ಇದನ್ನೇ. ಪ್ರಾಸ ಬೇರೆ, ಅರ್ಥ ಬೇರೆ ಅಂತ ಇಟ್ಟುಕೊಳ್ಳಬೇಡ. ಇಂಗ್ಲಿಷಿನಲ್ಲಿ ಒಂದೇ ಸ್ಪೆಲ್ಲಿಂಗಿಗೆ ಎರಡು ಉಚ್ಚಾರ, ಎರಡು ಅರ್ಥ ಇರುವ ಪದ ಬೇಕಾದಷ್ಟು ಉಂಟು. ನಿನ್ನ ಕೆಲಸದಲ್ಲೇ ನೋಡು. ಡಬ್ಲ್ಯು-ಐ-ಎನ್-ಡಿ ಅಂತ ಬರೆದದ್ದು ವಿಂಡ್ ಆದರೆ ಗಾಳಿ. ಫೈಂಡ್, ಕೈಂಡ್ ಜೊತೆ ಪ್ರಾಸವಾಗಿ ಬಂದರೆ ಅದು ವೈಂಡ್, ಸುತ್ತುವುದು. ಬಾಬಿನ್‌ಗೆ ನೂಲು ಸುತ್ತುತ್ತೀಯಲ್ಲ, ಅದು. ಟಿ-ಇ-ಎ-ಆರ್ ಅನ್ನುವುದು ಇಯರ್, ಹಿಯರ್ ಜೊತೆ ಬಂದರೆ ಟಿಯರ್, ಕಣ್ಣೀರು. ಕೇರ್, ಶೇರ್ ಜೊತೆ ಬಂದರೆ ಟೇರ್, ಬಟ್ಟೆ ಹರಿಯುವುದು. ಪದ್ಯದಲ್ಲಿ ಜೊತೆಗಿರುವ ಪದ ಯಾವುದು ಅಂತ ನೋಡಿದರೆ ಇದು ಯಾವ ಅರ್ಥ ಅಂತ ತಿಳಿಯುತ್ತದೆ.

ಇನ್ನು 'ಸೋ'. ಎಸ್-ಇ-ಡಬ್ಲ್ಯು ಅಂದರೆ ಹೊಲಿಯುವುದು. ಫ್ಯೂ, ನ್ಯೂ ಪದಗಳಲ್ಲೂ ಕೊನೆಗೆ ಇ-ಡಬ್ಲ್ಯು ಇರುವುದರಿಂದ ಮಕ್ಕಳು ಇದನ್ನು 'ಸ್ಯೂ' ಅಂತ ಓದುತ್ತಾರೆ. ಇದು ಗೋ, ಗ್ರೋ ಜೊತೆ ಹೋಗುವ ಪದ. ಎಸ್-ಓ-ಡಬ್ಲ್ಯು ಅಂತ ಬರೆದರೆ ಅದೇ 'ಸೋ', ಆದರೆ ಬೀಜ ಬಿತ್ತುವುದು. ಇವನ್ನೆಲ್ಲ ಕಂಠಪಾಠ ಮಾಡಿಸಬೇಡ. ಕೈಯಲ್ಲಿ ಬಟ್ಟೆ, ನೂಲು, ಸೂಜಿ ಇರುವಾಗ ತೋರಿಸಿ ಹೇಳು. ಥ್ರೆಡ್ ತೋರಿಸು. ಜೊತೆಗೆ ರೆಡ್, ಬ್ರೆಡ್, ಹೆಡ್. ಸೀಮ್ ಅಂದರೆ ಹೊಲಿಗೆ ಕೂಡಿಸಿದ ಗೆರೆ. ಜೊತೆಗೆ ಟೀಮ್, ಡ್ರೀಮ್.

ಮುಳ್ಳೇರಿಯದ ಅಮ್ಮ:

ನನ್ನ ಮಗನಿಗೂ ಇದೇ ತೊಂದರೆ ಇತ್ತು. ನಾನು ಮಾಡಿದ್ದು ಇಷ್ಟೇ. ಪ್ರಾಸಪದ ಎಷ್ಟಾದರೂ ಹುಡುಕಲಿ, ನೋಟ್‌ಬುಕ್ಕಿಗೆ ಹೋಗುವುದು ಅವನು ಒಂದು ವಾಕ್ಯದಲ್ಲಿ ಹಾಕಿ ಹೇಳಿದ ಪದ ಮಾತ್ರ. ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ನೋಡುತ್ತೇವೆ. ಮೊಬೈಲಿನ ಅನುವಾದ ಒಂದೇ ಅರ್ಥ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನಿಘಂಟಿನಲ್ಲಿ ಒಂದು ಪದಕ್ಕೆ ಇರುವ ಬೇರೆ ಬೇರೆ ಅರ್ಥ ಒಂದರ ಕೆಳಗೆ ಒಂದು ಕಾಣುತ್ತದೆ. ಯಾವುದು ಹೊಂದುತ್ತದೆ ಅಂತ ಅವನೇ ಆರಿಸಲಿ ಅಂತ ಬಿಡುತ್ತೇನೆ. ನಿಧಾನ ಆಗುತ್ತದೆ, ಆದರೆ ಆರಿಸಿದ ಪದ ಮರೆಯುವುದಿಲ್ಲ. ಕಲೋತ್ಸವಕ್ಕೆ ಇಂಗ್ಲಿಷ್ ಪದ್ಯ ಕಲಿಯುವಾಗಲೂ ಅರ್ಥ ಗೊತ್ತಿರುವ ಸಾಲನ್ನು ಅವನು ಹೇಳುವ ರೀತಿಯೇ ಬೇರೆ.

ನೀರ್ಚಾಲಿನ ಟೈಲರ್ ಅಕ್ಕ:

ಎಲ್ಲರಿಗೂ ಧನ್ಯವಾದ. ಇವತ್ತು ಅವಳೇ ಬರೆದ ಎರಡು ಸಾಲು: "ಮೈ ಮದರ್ ಹ್ಯಾಸ್ ಎ ಥ್ರೆಡ್, ದಿ ಕಲರ್ ಈಸ್ ರೆಡ್." ಎಲ್ಲ ಪದದ ಅರ್ಥವೂ ಅವಳಿಗೆ ಗೊತ್ತು. ನೂಲಿನ ಬಣ್ಣ ಬದಲಾಯಿಸಿ ಇನ್ನೊಂದು ಬರೆಯುತ್ತೇನೆ ಅಂತ ಆರೆಂಜಿಗೆ ಪ್ರಾಸ ಹುಡುಕುತ್ತಾ ಕೂತಿದ್ದಾಳೆ. ಕ ದಿಂದ ಹ ವರೆಗೆ ಹೋಗಿ ಬಂದಳು, ಒಂದೂ ಸಿಗಲಿಲ್ಲ.

ಕುಂಬಳೆಯ ನಿವೃತ್ತ ಟೀಚರ್:

ಸಿಗುವುದಿಲ್ಲ ಅಂತ ಹೇಳು, ಪಾಪ. ಆರೆಂಜಿಗೆ ಸರಿಯಾದ ಪ್ರಾಸ ದಿನಬಳಕೆಯ ಇಂಗ್ಲಿಷಿನಲ್ಲಿ ಇಲ್ಲ. ತಿಂಗಳು ಅನ್ನುವ ಮಂತ್‌ಗೂ ಇಲ್ಲ. ಅಂಥ ಪದ ಬಂದರೆ ಸಾಲಿನ ಕೊನೆಗೆ ಇಡಬಾರದು, ನಡುವೆ ತರಬೇಕು. "ಶಿ ಹ್ಯಾಸ್ ಆ್ಯನ್ ಆರೆಂಜ್ ಥ್ರೆಡ್" ಅಂತ ಮಾಡಿದರೆ ಕೊನೆಗೆ ಥ್ರೆಡ್ ಬಂತು. ಎರಡನೇ ಸಾಲು ಅವಳೇ ಬರೆಯಲಿ. ರೆಡ್ ಮುಗಿಯಿತು, ಇನ್ನು ಬೆಡ್, ಬ್ರೆಡ್, ಹೆಡ್, ಸೆಡ್ ಬಾಕಿ ಉಂಟು. ಸೆಡ್ ಸ್ಪೆಲ್ಲಿಂಗ್ ಎಸ್-ಎ-ಐ-ಡಿ, ಅದನ್ನು ಮಾತ್ರ ನೋಡಿಕೊಳ್ಳಲಿ.