ಹೋಂಡಾ ಸಿಟಿ ವಿಟೆಕ್ ಕಾರಿಗೆ ಸ್ಪಾರ್ಕ್ ಪ್ಲಗ್ ಚೇಂಜ್ ಮಾಡಿದ್ಮೇಲೆ ಗಾಡಿ ನಡುಗ್ತಿದೆ, ಗೊತ್ತಿರೋರು ಹೇಳಿ

ವಿಟೆಕ್_ವಿಜಯನಗರ:
ಗುರುಗಳೇ ತಲೆ ಕೆಟ್ಟೋಗಿದೆ. ಭಾನುವಾರ ಮನೇಲೇ ಕೂತು ನಾಲ್ಕೂ ಪ್ಲಗ್ ಚೇಂಜ್ ಮಾಡಿದೆ, ವಿಡಿಯೋ ನೋಡ್ಕೊಂಡೇ ಮಾಡಿದ್ದು, ಎಲ್ಲಾ ಸರಿಯಾಗೇ ಹಾಕಿದೀನಿ. ಈಗ ಸ್ಟಾರ್ಟ್ ಮಾಡಿದ್ರೆ ಐಡ್ಲಿಂಗಲ್ಲಿ ಗಡಗಡ ಅಂತ ನಡುಗುತ್ತೆ, ಎಳೆತಾನೇ ಇಲ್ಲ, ಬೆಟ್ಟಕ್ಕೆ ಹೋಗೋಣ ಅಂತ ಹೊರಟೋನು ತಾವರೆಕಟ್ಟೆ ಹತ್ರಾನೇ ತಿರುಗಿಸ್ಕೊಂಡು ಬಂದೆ. ಸ್ಪೋರ್ಟ್ಸ್ ಕಾರ್ ಇಟ್ಕೊಂಡು ಲಗೇಜ್ ಆಟೋ ಥರ ಸೌಂಡ್ ಕೇಳ್ಬೇಕು ನೋಡಿ. ಬೇಗ ಹೇಳಿ ಪ್ಲೀಸ್.

ಸ್ಪ್ಯಾನರ್_ಸ್ವಾಮಿ:
ಯಾವ ವರ್ಷದ್ದು, ಯಾವ ಪ್ಲಗ್, ಎಲ್ಲಿ ತಗೊಂಡ್ರಿ, ಏನೂ ಹೇಳ್ದೆ ಬೇಗ ಹೇಳಿ ಅಂದ್ರೆ? ಆದ್ರೂ ಹೇಳ್ತೀನಿ, ಡೂಪ್ಲಿಕೇಟ್ ಪ್ಲಗ್. ಬೇರೆ ಏನೂ ನೋಡೋದೇ ಬೇಡ.

ವಿಟೆಕ್_ವಿಜಯನಗರ:
ಹಳೇ ವಿಟೆಕ್ ಸಾರ್, ಹೆಡ್ಡಿಂಗಲ್ಲೇ ಇದೆಯಲ್ಲ. ಪ್ಲಗ್ ಎನ್‌ಜಿಕೆ ಕಂಪನಿದು, ನಂಬರ್ ಝಡ್‌ಎಫ್‌ಆರ್6ಎಫ್-11. ಅಂಗಡಿ ನಂಬಿಕೆದು.

ಕೆಎ11_ಕಬ್ಬು:
ಸಿಟಿ ಯಾವಾಗ್ಲಿಂದ ಸ್ಪೋರ್ಟ್ಸ್ ಕಾರ್ ಆಯ್ತು ಬುಡಪ್ಪ. ನಾಕು ಡೋರು, ಹಿಂದ್ಗಡೆ ಎರಡು ಮೂಟೆ ಅಕ್ಕಿ ಹಿಡಿಯೋ ಡಿಕ್ಕಿ. ನಮ್ಮ ಮಾವ ಅದ್ರಲ್ಲೇ ಮಂಡ್ಯ ಮಾರ್ಕೆಟ್ಟಿಗೆ ಬೆಲ್ಲ ಹೊಡೀತಿದ್ರು.

ವಿಟೆಕ್_ವಿಜಯನಗರ:
1.5 ಲೀಟರಲ್ಲಿ 106 ಹಾರ್ಸ್‌ಪವರ್ ಕಣ್ರೀ, 2000ದಲ್ಲಿ! ಆವತ್ತು ನಿಮ್ಮೂರಲ್ಲಿ ಯಾವ ಗಾಡಿ ಓಡ್ತಿತ್ತು ಹೇಳಿ. ಇರ್ಲಿ, ಪ್ರಾಬ್ಲಂ ನೋಡಿ ಫಸ್ಟು.

ಕೆಎ09_ಕುವೆಂಪುನಗರ:
ಸ್ವಾಮಿ ಸಾರ್ ಹೇಳಿದ್ದೂ ಇರ್ಬೋದು ಆದ್ರೆ ಅದನ್ನ ಚೆಕ್ ಮಾಡೋದು ಸುಲಭ, ಹಳೇ ಪ್ಲಗ್ ಬಿಸಾಕಿಲ್ಲ ತಾನೆ? ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಅವನ್ನೇ ವಾಪಸ್ ಹಾಕಿ ನೋಡಿ. ಪ್ಲಗ್ ಕೂರೋ ಇಂಜಿನ್ ಹೆಡ್ಡು ಅಲ್ಯೂಮಿನಿಯಂ, ಬಿಸಿ ಇದ್ದಾಗ ಬಿಚ್ಚಕ್ಕೆ ಹೋಗಿ ಥ್ರೆಡ್ ಎದ್ದೋದ್ರೆ ಪ್ಲಗ್ ಖರ್ಚಿನ ಹತ್ತು ಪಟ್ಟು ಹೋಗುತ್ತೆ. ಇನ್ನೊಂದು, ನಂಬರ್ ಕೊನೇಲಿರೋ 11 ಅಂದ್ರೆ ಪ್ಲಗ್ ತುದೀಲಿ ಕಿಡಿ ಹಾರೋ ಗ್ಯಾಪ್ 1.1 ಎಂಎಂ, ಕೆಳಗೆ ಬಿದ್ದು ಮುಚ್ಕೊಂಡಿದ್ಯಾ ನೋಡಿ. ಪ್ಲಗ್ಗಿಗೆ ಕರೆಂಟ್ ತರೋ ಕೇಬಲ್ಲುಗಳ ಆರ್ಡರ್, ಅಂದ್ರೆ ಸಿಲಿಂಡರ್ ಉರಿಯೋ ಸರದಿ, 1-3-4-2, ಅದೂ ಒಂದ್ಸಲ ನೋಡ್ಕೊಳ್ಳಿ. ಪ್ಲಗ್ ಕೂರೋ ಗುಂಡಿ ಒಳಗೆ ಆಯಿಲ್ ಇತ್ತಾ?

ವಿಟೆಕ್_ವಿಜಯನಗರ:
ಹಳೇದು ವಾಪಸ್ ಹಾಕಿದೆ, ಸೇಮ್ ನಡುಕ. ಆರ್ಡರ್ ಸರಿ ಇದೆ, ಒಂದೊಂದೇ ಬಿಚ್ಚಿ ಒಂದೊಂದೇ ಹಾಕಿದ್ದು. ಆಯಿಲ್ ಸ್ವಲ್ಪ ಇತ್ತು, ಅದು ಮೊದ್ಲಿಂದ ಇದ್ದಿದ್ದೇ.

ಸ್ಪ್ಯಾನರ್_ಸ್ವಾಮಿ:
ಹೊಸ ಪ್ಲಗ್ಗಿನ ವಾಷರ್ ಬೆರಳಲ್ಲಿ ತಿರುಗಿಸಿದ್ರೆ ಕೈಗೆ ಬರುತ್ತಾ ನೋಡಿ. ಒರಿಜಿನಲ್ ಆದ್ರೆ ಅಷ್ಟು ಸುಲಭಕ್ಕೆ ಬರಲ್ಲ. ಅಕ್ಷರ ಮಬ್ಬಾಗಿದ್ಯಾ? ಥ್ರೆಡ್ ನುಣುಪಾಗಿದ್ಯಾ? ಫೋಟೋ ಹಾಕಿ, ನಾನು ಕಣ್ಣಲ್ಲೇ ಹೇಳ್ತೀನಿ.

ಕೆಎ09_ಕುವೆಂಪುನಗರ:
ಸಾರ್, ಹಳೇ ಪ್ಲಗ್ ಹಾಕಿದ್ರೂ ನಡುಗ್ತಿದೆ ಅಂತಿದಾರೆ, ಇನ್ನೂ ಡೂಪ್ಲಿಕೇಟ್ ಎಲ್ಲಿಂದ ಬಂತು?

ಸ್ಪ್ಯಾನರ್_ಸ್ವಾಮಿ:
ಹಳೇದೂ ಅದೇ ಅಂಗಡಿದಿರ್ಬೋದಲ್ವಾ.

ಯೆಜ್ಡಿ_ಯಾದವಗಿರಿ:
ಪ್ಲಗ್ ಥ್ರೆಡ್ಡಿಗೆ ಕಾಪರ್ ಗ್ರೀಸ್ ಹಚ್ಚಿದ್ರಾ? ನಾನು ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಹಚ್ಚದೆ ಹಾಕೋದೇ ಇಲ್ಲ. ನಮ್ಮ ಏರಿಯಾದ್ದೇ ಫ್ಯಾಕ್ಟರಿ ಗಾಡಿ, 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿದ್ರೂ ಗಾಡಿ ಇವತ್ತಿಗೂ ಒಂದು ಕಿಕ್ಕು. ಪಾಕೆಟಲ್ಲಿ ಒಂದು ಪ್ಲಗ್, ಡಿಕ್ಕೀಲಿ ಒಂದು ಸ್ಪ್ಯಾನರ್, ಶ್ರೀರಂಗಪಟ್ಟಣದ ಹತ್ರ ಪ್ಲಗ್ ಮಸಿ ಹಿಡಿದು ಫೌಲ್ ಆದ್ರೂ ರೋಡ್ ಸೈಡಲ್ಲೇ ಚೇಂಜ್ ಮಾಡಿ ಮನೆಗೆ ಬರ್ತೀನಿ. ನಿಮ್ಮ ಕಾರಿಗೆ ಬಾನೆಟ್ ಎತ್ತಿ ಗುಂಡಿಗೆ ಕೈ ಹಾಕ್ಬೇಕು, ಕರ್ಮ.

ಕೆಎ09_ಕುವೆಂಪುನಗರ:
ಗ್ರೀಸ್ ಬೇಡ. ಎನ್‌ಜಿಕೆಯೋರೇ ಬೇಡ ಅಂತಾರೆ, ಅವ್ರ ಥ್ರೆಡ್ಡಿಗೆ ಪ್ಲೇಟಿಂಗ್ ಇರುತ್ತೆ. ಗ್ರೀಸ್ ಹಚ್ಚಿದ್ರೆ ಜಾರುತ್ತೆ, ಕೈಗೆ ಟೈಟ್ ಅನ್ಸೋವಷ್ಟೊತ್ತಿಗೆ ಓವರ್ ಆಗಿರುತ್ತೆ. ಎಷ್ಟು ಟೈಟ್ ಆಯ್ತು ಅಂತ ತೋರ್ಸೋ ಟಾರ್ಕ್ ರೆಂಚ್ ಇಲ್ದಿದ್ರೆ ಹೊಸ ಪ್ಲಗ್ ಬೆರಳಲ್ಲಿ ಕೂರೋವರ್ಗೂ ತಿರುಗಿಸಿ ಆಮೇಲೆ ಸ್ಪ್ಯಾನರಲ್ಲಿ ಅರ್ಧ ಸುತ್ತು, ಸ್ವಲ್ಪ ಜಾಸ್ತಿ. ಒಂದ್ಸಲ ಕೂತು ಎದ್ದ ಪ್ಲಗ್ಗಿಗೆ ವಾಷರ್ ಆಗ್ಲೇ ಒತ್ತಿರುತ್ತೆ, ಅದಕ್ಕೆ ಗಡಿಯಾರದ ಒಂದು ಗಂಟೆಯಷ್ಟು ತಿರುಗಿಸಿದ್ರೆ ಸಾಕು.

ಯೆಜ್ಡಿ_ಯಾದವಗಿರಿ:
ನೀವು ಪುಸ್ತಕ ಓದಿ ರಿಪೇರಿ ಮಾಡೋರು. ನಾವು ಕೈಯಲ್ಲಿ ಮಾಡೋರು. ಬಿಡಿ.

ಕೆಎ11_ಕಬ್ಬು:
ಯಾರೂ ಪೆಟ್ರೋಲ್ ಬಗ್ಗೆ ಮಾತಾಡ್ತಾನೇ ಇಲ್ವಲ್ಲ.

ಸ್ಪ್ಯಾನರ್_ಸ್ವಾಮಿ:
ಅದೂ ಸರಿನೇ. ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ್ಮೇಲೆ ಹಳೇ ಗಾಡಿಗಳ ಕಥೆ ಮುಗೀತು. ಎಥನಾಲ್ ನೀರು ಹೀರ್ಕೊಳ್ಳುತ್ತೆ, ಹಳೇ ರಬ್ಬರ್ ಹೋಸ್ ತಿನ್ನುತ್ತೆ, ಮೈಲೇಜೂ ಬೀಳುತ್ತೆ.

ಕೆಎ11_ಕಬ್ಬು:
ನಾನು ಬಂಕಲ್ಲಿ ಕಲಬೆರಕೆ ಇರ್ಬೋದು ಅಂದ್ನೇ ಹೊರ್ತು ಎಥನಾಲ್ ಬೈಯಕ್ಕಲ್ಲ. ನಮ್ಮ ಕಬ್ಬಿಂದ ಬರೋ ದುಡ್ಡು ಅದು, ಒಸಿ ನೋಡ್ಕೊಂಡು ಮಾತಾಡಿ. ಮೈಲೇಜ್ ಬೀಳೋದು ನಿಜ, ಒಪ್ತೀನಿ. ಅದಕ್ಕೆ ಶನಿವಾರ ಚೆನ್ನಾಗಿದ್ದ ಗಾಡಿ ಭಾನುವಾರ ನಡುಗುತ್ತಾ?

ಸ್ಪ್ಯಾನರ್_ಸ್ವಾಮಿ:
ರೈತ್ರಿಗೆ ಅದ್ರಿಂದ ಎಷ್ಟು ಸೇರುತ್ತೆ ಅಂತ ಬೇರೆ ಕಡೆ ಮಾತಾಡಣ.

ಕೆಎ11_ಕಬ್ಬು:
ಮಾತಾಡಣ ಬನ್ನಿ. ಮದ್ದೂರಿಗೇ ಬನ್ನಿ, ವಡೆ ತಿನ್ಕೊಂಡು ಮಾತಾಡಣ.

ಕೆಎ09_ಕುವೆಂಪುನಗರ:
ವಿಟೆಕ್ ಅವ್ರೇ, ಇದನ್ನೆಲ್ಲ ಬಿಡಿ. ಇಂಜಿನ್ ಆಫ್ ಮಾಡಿ ಒಂದು ಕೇಬಲ್ ತೆಗೀರಿ, ಸ್ಪೇರ್ ಪ್ಲಗ್ ಸಿಕ್ಕಿಸಿ ಅದ್ರ ಲೋಹ ಇಂಜಿನ್ ಮೈಗೆ ತಾಗೋ ಹಾಗೆ ಇಡಿ, ಸ್ಟಾರ್ಟ್ ಮಾಡಿ. ಗಾಡಿ ಇನ್ನೂ ಕೆಟ್ಟದಾಗಿ ನಡುಗಿದ್ರೆ ಆ ಸಿಲಿಂಡರ್ ಚೆನ್ನಾಗಿದೆ. ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದೇ ಸತ್ತಿರೋದು. ಓಡೋವಾಗ ಕೈಯಲ್ಲಿ ಕೇಬಲ್ ಮುಟ್ಬೇಡಿ, ಸಾವಿರಾರು ವೋಲ್ಟ್ ಇರುತ್ತೆ. ಆಮೇಲೆ ಹೇಳಿ, ಬಿಚ್ಚೋವಾಗ ಕೇಬಲ್ ಹಿಡ್ಕೊಂಡು ಎಳೆದ್ರಾ, ತುದಿಯ ರಬ್ಬರ್ ಬೂಟ್ ಹಿಡ್ಕೊಂಡಾ?

ವಿಟೆಕ್_ವಿಜಯನಗರ:
ಹೆಂಗ್ ಬರುತ್ತೋ ಹಂಗೆ ಎಳೆದೆ, ಗಟ್ಟಿಯಾಗಿ ಕೂತಿತ್ತು. ಅದೇನ್ ದೊಡ್ಡ ವಿಷ್ಯ ಸಾರ್.
ಟೆಸ್ಟ್ ಮಾಡಿದೆ, ಮೂರನೇದು ತೆಗೆದ್ರೆ ಏನೂ ವ್ಯತ್ಯಾಸ ಇಲ್ಲ. ಗುಂಡೀಲಿ ನೀರೂ ಇದೆ. ಪ್ಲಗ್ ಹಾಕಿದ್ಮೇಲೆ ಆಯುಧಪೂಜೆಗೆ ಅಂತ ಇಂಜಿನ್ನೆಲ್ಲ ಪ್ರೆಶರಲ್ಲಿ ತೊಳೆದಿದ್ದೆ.

ಕೆಎ09_ಕುವೆಂಪುನಗರ:
ತೊಳೆದಿದ್ದು ಈಗ ಹೇಳ್ತಿದೀರಾ!!
ಸರಿ. ಬಟ್ಟೇಲಿ ನೀರು ಆಯಿಲ್ ಎಲ್ಲಾ ಎತ್ತಿ, ಏರ್ ಹೊಡೆದು ಒಣಗಿಸಿ, ಪ್ಲಗ್ ಬಿಚ್ಚೋಕ್ ಮೊದ್ಲೇ, ಇಲ್ದಿದ್ರೆ ಎಲ್ಲಾ ಸಿಲಿಂಡರ್ ಒಳಗೇ ಹೋಗುತ್ತೆ. ಆಮೇಲೆ ಕೇಬಲ್ಲಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ನೋಡಿ. ಈ ಗಾಡಿಗೆ 25 ಕಿಲೋ ಓಮ್ ದಾಟಬಾರ್ದು. ಕೇಬಲ್ ಒಳಗಿರೋದು ತಾಮ್ರದ ತಂತಿ ಅಲ್ಲ, ಕಾರ್ಬನ್ ಎಳೆ, ಎಳೆದ್ರೆ ಬೂಟ್ ಒಳಗೇ ಕಿತ್ಕೊಳ್ಳುತ್ತೆ, ಹೊರಗಡೆಯಿಂದ ಗೊತ್ತೇ ಆಗಲ್ಲ.

ವಿಟೆಕ್_ವಿಜಯನಗರ:
ಒಣಗಿಸಿದೆ, ಒಂಚೂರು ಕಮ್ಮಿ ಆಯ್ತು ಆದ್ರೆ ಪೂರ್ತಿ ಹೋಗಿಲ್ಲ. ಮೀಟರಲ್ಲಿ ಒಂದು, ಎರಡು, ನಾಲ್ಕು ರೀಡಿಂಗ್ ಬರುತ್ತೆ, ಮೂರನೇದಕ್ಕೆ ಏನೂ ತೋರ್ಸಲ್ಲ.

ಕೆಎ09_ಕುವೆಂಪುನಗರ:
ಸಿಕ್ತಲ್ಲ. ಒಂದೇ ಕೇಬಲ್ ಹುಡುಕ್ಬೇಡಿ, ಸೆಟ್ಟೇ ತಗೊಳ್ಳಿ, ಉಳಿದ ಮೂರಕ್ಕೂ ಅಷ್ಟೇ ವಯಸ್ಸಾಗಿದೆ. ವಾಲ್ವ್ ಕವರ್ ಬಿಚ್ಚಿ ಪ್ಲಗ್ ಟ್ಯೂಬ್ ಸೀಲ್, ಕವರ್ ಗ್ಯಾಸ್ಕೆಟ್ ಎರಡೂ ಹಾಕಿಸಿ, ಇಲ್ದಿದ್ರೆ ಹೊಸ ಬೂಟೂ ಆಯಿಲಲ್ಲಿ ನೆಂದು ಊದ್ಕೊಳ್ಳುತ್ತೆ.

ವಿಟೆಕ್_ವಿಜಯನಗರ:
ಸೆಟ್ಟಿಗೆ ಅಂಗಡೀಲಿ ಹೇಳಿದೀನಿ, ಬೆಂಗಳೂರಿಂದ ಬರ್ಬೇಕಂತೆ. ಅಲ್ಲಿವರ್ಗೂ ಮೂರು ಸಿಲಿಂಡರಲ್ಲೇ ಆಫೀಸಿಗೆ ಓಡ್ಸಬಹುದಾ?

ಕೆಎ09_ಕುವೆಂಪುನಗರ:
ಬೇಡ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ಸಿಟಿ ಬಸ್ ಹತ್ತಿ.

ಸ್ಪ್ಯಾನರ್_ಸ್ವಾಮಿ:
ಪ್ಲಗ್ ಫೋಟೋ ಇನ್ನೂ ಬಂದಿಲ್ಲ.

ಹೊಸಬ_ಹುಣಸೂರ್:
ಫ್ರೆಂಡ್ಸ್ ನನ್ನ ಗಾಡಿನೂ ನಡುಗುತ್ತೆ, ಇದೇ ಕೇಬಲ್ ಹಾಕ್ಬೋದಾ? ಡೀಸೆಲ್ ಗಾಡಿ.

ಯೆಜ್ಡಿ_ಯಾದವಗಿರಿ:
😂😂 ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ಗೇ ಇರಲ್ಲ ಗುರು. ಫೋರಂನಲ್ಲಿ ಬೇರೆ ಪೋಸ್ಟ್ ಹಾಕು, ಗಾಡಿ ಹೆಸ್ರು ಬರಿ.