ಫಾಕ್‌ಲ್ಯಾಂಡ್ಸ್ ದ್ವೀಪಗಳಿಗೋಸ್ಕರ ಬ್ರಿಟನ್ ಪ್ರಧಾನಿ ಥ್ಯಾಚರ್ ಯುದ್ಧಕ್ಕೆ ಹೋಗಿದ್ದು ಸರೀನಾ?

ಪ್ರಶ್ನೆ: 1982ರಲ್ಲಿ ಬ್ರಿಟನ್‌ನಿಂದ ಸುಮಾರು 13,000 ಕಿಮೀ ದೂರದಲ್ಲಿ ಅದೇ ಆಳ್ತಿದ್ದ ದ್ವೀಪ, ಅಲ್ಲಿದ್ದಿದ್ದು ಬರೀ 1,800 ಜನ, ಅದಕ್ಕೆ ಇಡೀ ನೌಕಾಪಡೆ ಕಳಿಸೋ ಅಗತ್ಯ ಏನಿತ್ತು? ಎಲೆಕ್ಷನ್‌ಗೋಸ್ಕರ ಮಾಡಿದ್ದು ಅಂತಾರಲ್ಲ, ನಿಜಾನಾ?

ಉತ್ತರ 1: ಬರೀ ಎಲೆಕ್ಷನ್ ಅಂದ್ರೆ ನಾನು ಒಪ್ಪಲ್ಲ. ಏಪ್ರಿಲ್ 2ಕ್ಕೆ ದಾಳಿ ಮಾಡಿದ್ದು ಅರ್ಜೆಂಟೀನಾ, ಅಲ್ಲಿ ಗಾಲ್ಟಿಯೇರಿಯ ಮಿಲಿಟರಿ ಸರ್ಕಾರ, ಬೆಲೆ ಏರಿಕೆ, ಜನ ಬೀದಿಗಿಳಿದಿದ್ರು, ಅದನ್ನ ಮರೆಸೋಕೆ ದ್ವೀಪ ಹಿಡಿದ್ರು. ಥ್ಯಾಚರ್‌ಗೂ ಗ್ಯಾರಂಟಿ ಏನಿರ್ಲಿಲ್ಲ, ನೌಕಾಪಡೆ ಮುಖ್ಯಸ್ಥ ಹೆನ್ರಿ ಲೀಚ್ ವಾಪಸ್ ತಗೋಬಹುದು ಅಂತ ಧೈರ್ಯ ಕೊಟ್ಟ ಮೇಲೇನೇ ಹಡಗುಗಳು ಏಪ್ರಿಲ್ 5ಕ್ಕೆ ಹೊರಟಿದ್ದು. ಸೋತಿದ್ರೆ ಕುರ್ಚಿ ಹೋಗ್ತಿತ್ತು.

ಉತ್ತರ 2: ಅದೆಲ್ಲ ಸರಿ, ಆದ್ರೆ ಅಲ್ಲಿ ಗಸ್ತು ತಿರುಗ್ತಿದ್ದ ಎಂಡ್ಯೂರೆನ್ಸ್ ಹಡಗನ್ನ ಖರ್ಚು ಉಳಿಸೋಕೆ ವಾಪಸ್ ಕರೆಸ್ತೀವಿ ಅಂತ 1981ರಲ್ಲಿ ಹೇಳಿದ್ದು ಇದೇ ಥ್ಯಾಚರ್ ಸರ್ಕಾರ ಅಲ್ವಾ? ಮೇ 2ಕ್ಕೆ ಬ್ರಿಟಿಷರು ಅರ್ಜೆಂಟೀನಾದ ಯುದ್ಧನೌಕೆ ಬೆಲ್‌ಗ್ರಾನೋ ಮುಳುಗಿಸಿದಾಗ 323 ಜನ ಸತ್ರು, ಅದೂ ಬ್ರಿಟಿಷರೇ ಘೋಷಿಸಿದ ನಿಷೇಧಿತ ವಲಯದ ಹೊರಗೆ. ನಂಗೆ ಅದನ್ನ ಕ್ಷಮಿಸೋಕಾಗಲ್ಲ.

ಉತ್ತರ 3: 74 ದಿನದಲ್ಲಿ 649 ಅರ್ಜೆಂಟೀನಿಯರು, 255 ಬ್ರಿಟಿಷ್ ಸೈನಿಕರು ಸತ್ರು, ಅವರಲ್ಲಿ ತುಂಬಾ ಅರ್ಜೆಂಟೀನಾ ಹುಡುಗರು ಕಡ್ಡಾಯ ಸೇವೆಗೆ ಬಂದವರು, ಚಳೀಲಿ ಸರಿಯಾಗಿ ಊಟಾನೂ ಇಲ್ದೆ ಕಂದಕದಲ್ಲಿ ಕೂತಿದ್ರು. ನನ್ನ ಸಿಟ್ಟು ಮೊದಲು ಗಾಲ್ಟಿಯೇರಿ ಮೇಲೇನೇ.